ದೂರದ ಓಟಗಾರರ ಹೋಲಿಕೆ

ದೂರದ ಓಟಗಾರರ ಹೋಲಿಕೆ ಎಂದರೆ 5,000 ಮೀಟರ್‌ನಿಂದ 42.195 ಕಿ.ಮೀ. ಉದ್ದದ ಮ್ಯಾರಥಾನ್‌ವರೆಗಿನ ಸ್ಪರ್ಧೆಗಳಲ್ಲಿ ಓಡುವವರ ಸಾಧನೆಗಳನ್ನು ಪರಸ್ಪರ ಅಳೆದು ನೋಡುವ ಕ್ರಮವಾಗಿದೆ. ಓಟದ ಸಮಯ, ಪ್ರಮುಖ ಕೂಟಗಳಲ್ಲಿ ಪಡೆದ ಸ್ಥಾನ ಹಾಗೂ ಶ್ರೇಯಾಂಕ ಇದರ ಮೂರು ಮುಖ್ಯ ಆಧಾರಗಳು. ಹಾದಿ, ಹವೆ, ಎತ್ತರ ಮತ್ತು ಪಾದರಕ್ಷೆಗಳು ಫಲಿತಾಂಶದ ಮೇಲೆ ಪ್ರಭಾವ ಬೀರುವುದರಿಂದ, ಸಮಯವೊಂದನ್ನೇ ನೆಚ್ಚಿಕೊಂಡು ಯಾರು ಶ್ರೇಷ್ಠರೆಂದು ನಿರ್ಣಯಿಸುವುದು ಕಷ್ಟ. ಬೆಂಗಳೂರಿನಲ್ಲಿ ನಡೆಯುವ ವಿಶ್ವ 10ಕೆ ಓಟದ ಫಲಿತಾಂಶಗಳು ಇದಕ್ಕೆ ಉತ್ತಮ ನಿದರ್ಶನಗಳಾಗಿವೆ.

ಬೆಂಗಳೂರಿನ ನಿದರ್ಶನ

ಬೆಂಗಳೂರಿನ ವಿಶ್ವ 10ಕೆ ಓಟವು 2008ರಲ್ಲಿ ಆರಂಭವಾಯಿತು. ಮೊದಲ ವರ್ಷ ಎರಿಟ್ರಿಯಾದ ಜೆರ್ಸೆನಯ್ ತಡೆಸೆ ಪುರುಷರ ವಿಭಾಗದಲ್ಲಿ ಗೆದ್ದರು. 2022ರಲ್ಲಿ ಕೀನ್ಯಾದ ನಿಕೋಲಸ್ ಕಿಮೆಲಿ 27 ನಿಮಿಷ 38 ಸೆಕೆಂಡುಗಳಲ್ಲಿ ಓಡಿ ಕೂಟ ದಾಖಲೆ ಸ್ಥಾಪಿಸಿದರು. ಅದೇ ವರ್ಷ ಮಹಿಳೆಯರ ವಿಭಾಗದಲ್ಲಿ ಕೀನ್ಯಾದ ಐರೀನ್ ಚೆಪ್ಟಾಯ್ 30 ನಿಮಿಷ 35 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು.

2025ರಲ್ಲಿ ಉಗಾಂಡಾದ ಜೋಶುವಾ ಚೆಪ್ಟೆಗೇ ಇಲ್ಲಿ 27 ನಿಮಿಷ 53 ಸೆಕೆಂಡುಗಳಲ್ಲಿ ಗೆದ್ದರು. ಈ ಎರಡು ಸಮಯಗಳನ್ನಷ್ಟೇ ನೋಡಿದರೆ ಕಿಮೆಲಿ ಮೇಲೆನಿಸುತ್ತಾರೆ. ಆದರೆ ಟೋಕಿಯೊ ಒಲಿಂಪಿಕ್ಸ್‌ನ 5,000 ಮೀಟರ್ ಅಂತಿಮ ಓಟದಲ್ಲಿ ಇಬ್ಬರೂ ಸ್ಪರ್ಧಿಸಿದ್ದಾಗ ಚೆಪ್ಟೆಗೇ ಚಿನ್ನ ಗೆದ್ದರು, ಕಿಮೆಲಿ ನಾಲ್ಕನೆಯವರಾದರು. ಚೆಪ್ಟೆಗೇ 2019ರಲ್ಲಿ ಸ್ಪೇನ್‌ನ ವೆಲೆನ್ಸಿಯಾದ ರಸ್ತೆಯಲ್ಲಿ 10 ಕಿ.ಮೀ. ದೂರವನ್ನು 26 ನಿಮಿಷ 38 ಸೆಕೆಂಡುಗಳಲ್ಲಿಯೂ, 2020ರಲ್ಲಿ ಅದೇ ನಗರದ ಟ್ರ್ಯಾಕ್‌ನಲ್ಲಿ 10,000 ಮೀಟರ್ ದೂರವನ್ನು 26 ನಿಮಿಷ 11 ಸೆಕೆಂಡುಗಳಲ್ಲಿಯೂ ಕ್ರಮಿಸಿ ವಿಶ್ವದಾಖಲೆ ಬರೆದಿದ್ದರು. ವೆಲೆನ್ಸಿಯಾ ಸಮುದ್ರತೀರದ ಸಮತಟ್ಟಾದ ನಗರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದು, ಓಟವು ಬೇಸಿಗೆಯಲ್ಲಿ ನಡೆಯುತ್ತದೆ. ಒಬ್ಬನೇ ಓಟಗಾರನ ಎರಡು ರಸ್ತೆ ಓಟಗಳ ನಡುವೆ 75 ಸೆಕೆಂಡುಗಳ ಅಂತರವಿರುವಾಗ, ಬೇರೆ ಬೇರೆ ಊರುಗಳಲ್ಲಿ ಓಡಿದ ಇಬ್ಬರನ್ನು ಸಮಯದಿಂದಲೇ ಹೋಲಿಸುವುದು ದಾರಿ ತಪ್ಪಿಸಬಹುದು.

ದಾಖಲೆ ಮತ್ತು ಪದಕ

ವಿಶ್ವದಾಖಲೆ ಬರೆದವರೆಲ್ಲ ಒಲಿಂಪಿಕ್ ಚಿನ್ನ ಗೆದ್ದವರಲ್ಲ. ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ 1965ರಲ್ಲಿ 10,000 ಮೀಟರ್ ಓಟವನ್ನು 28 ನಿಮಿಷಗಳೊಳಗೆ ಮುಗಿಸಿದ ಮೊದಲಿಗರಾದರು. ಆದರೆ 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೊ ನಗರವು ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳುಗಾಳಿಯಲ್ಲಿ ಕ್ಲಾರ್ಕ್ ಆರನೆಯವರಾಗಿ ಗುರಿ ಮುಟ್ಟಿ ಕುಸಿದುಬಿದ್ದರು. ಕೀನ್ಯಾದ ನಫ್ತಾಲಿ ತೆಮು 29 ನಿಮಿಷ 27 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಕ್ಲಾರ್ಕ್‌ಗೆ ಒಲಿಂಪಿಕ್ಸ್‌ನಲ್ಲಿ ದೊರೆತದ್ದು 1964ರ ಕಂಚು ಮಾತ್ರ.

ಇದಕ್ಕೆ ಪ್ರತಿಯಾಗಿ, ಚೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್ ಹಾಗೂ ಮ್ಯಾರಥಾನ್ ಮೂರನ್ನೂ ಗೆದ್ದರು. ಅವರ ಸಮಯಗಳು ಇಂದಿನ ಓಟಗಾರರಿಗೆ ಸಾಮಾನ್ಯವೆನಿಸಿದರೂ, ಆ ಸಾಧನೆಯನ್ನು ಬೇರೆ ಯಾರೂ ಪುನರಾವರ್ತಿಸಿಲ್ಲ.

ಮಾನ್ಯತೆಯ ನಿಯಮಗಳು

ರಸ್ತೆ ಓಟದ ಸಮಯವನ್ನು ವಿಶ್ವದಾಖಲೆಯೆಂದು ಒಪ್ಪಲು ಆರಂಭ ಮತ್ತು ಅಂತ್ಯದ ಸ್ಥಳಗಳ ನೇರ ಅಂತರ ಓಟದ ದೂರದ ಅರ್ಧವನ್ನು ಮೀರಬಾರದು. ಹಾದಿಯ ಒಟ್ಟು ಇಳಿಜಾರು ಕಿಲೋಮೀಟರಿಗೆ ಸರಾಸರಿ ಒಂದು ಮೀಟರನ್ನು ದಾಟಬಾರದು. ಬಾಸ್ಟನ್ ಮ್ಯಾರಥಾನ್‌ನ ಹಾದಿ ಈ ಎರಡನ್ನೂ ಮೀರುವುದರಿಂದ, 2011ರಲ್ಲಿ ಜೆಫ್ರಿ ಮುತಾಯ್ ಅಲ್ಲಿ ಓಡಿದ 2 ಗಂಟೆ 3 ನಿಮಿಷ 2 ಸೆಕೆಂಡುಗಳ ಸಮಯವು ಆಗಿನ ವಿಶ್ವದಾಖಲೆಗಿಂತ ಉತ್ತಮವಾಗಿದ್ದರೂ ದಾಖಲೆಯಾಗಲಿಲ್ಲ. ಎಲಿಯುಡ್ ಕಿಪ್ಚೊಗೆ 2019ರಲ್ಲಿ ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಮ್ಯಾರಥಾನ್ ದೂರ ಓಡಿದರು. ಅದು ಮುಕ್ತ ಸ್ಪರ್ಧೆಯಾಗಿರಲಿಲ್ಲ. ವೇಗ ಕಾಯ್ದುಕೊಡುವ ಓಟಗಾರರು ಸರದಿಯಂತೆ ಬದಲಾಗುತ್ತಿದ್ದರು. ಆದ್ದರಿಂದ ಅದನ್ನೂ ದಾಖಲೆಯೆಂದು ಪರಿಗಣಿಸಲಿಲ್ಲ. ಹೊಸ ಬಗೆಯ ಪಾದರಕ್ಷೆಗಳ ಕುರಿತ ವಿವಾದದ ಬಳಿಕ, 2020ರಲ್ಲಿ ರಸ್ತೆ ಓಟದ ಶೂಗಳ ಅಡಿಯ ದಪ್ಪವನ್ನು 40 ಮಿ.ಮೀ.ಗೆ ಮಿತಿಗೊಳಿಸಲಾಯಿತು.

ಶ್ರೇಯಾಂಕ ಪದ್ಧತಿ

ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆಯ ಶ್ರೇಯಾಂಕವು ಓಟದ ಸಮಯಕ್ಕೆ ಮತ್ತು ಕೂಟದಲ್ಲಿ ಪಡೆದ ಸ್ಥಾನಕ್ಕೆ ಪ್ರತ್ಯೇಕ ಅಂಕಗಳನ್ನು ನೀಡಿ ಕೂಡಿಸುತ್ತದೆ. ದೊಡ್ಡ ಕೂಟದಲ್ಲಿನ ಸ್ಥಾನಕ್ಕೆ ಹೆಚ್ಚು ಅಂಕಗಳು ದೊರೆಯುತ್ತವೆ. ಈ ಲೆಕ್ಕ ಓಟಗಾರರ ಅವಕಾಶಗಳನ್ನೇ ನಿರ್ಧರಿಸಬಲ್ಲದು. ಅರ್ಹತಾ ಸಮಯ ತಲುಪದವರಿಗೂ ಶ್ರೇಯಾಂಕದ ಮೂಲಕ ವಿಶ್ವ ಕೂಟದಲ್ಲಿ ಸ್ಥಾನ ದೊರೆಯುವುದುಂಟು. 2025ರ ವಿಶ್ವ ಚಾಂಪಿಯನ್‌ಷಿಪ್‌ನ 10,000 ಮೀಟರ್ ಓಟಕ್ಕೆ ಅರ್ಹತಾ ಸಮಯ 27 ನಿಮಿಷಗಳಾಗಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಭಾರತದ ಗುಲ್ವೀರ್ ಸಿಂಗ್ 27:00.22ರಲ್ಲಿ ಓಡಿ ರಾಷ್ಟ್ರೀಯ ದಾಖಲೆ ಸ್ಥಾಪಿಸಿದರೂ, 0.22 ಸೆಕೆಂಡಿನಿಂದ ಆ ಗುರಿ ತಪ್ಪಿತು.

ಹಿಂದಿನ ತಲೆಮಾರುಗಳ ಹೋಲಿಕೆ

ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ 19ನೆಯ ಸ್ಥಾನ ಪಡೆದರು. ಅವರು ತೆಗೆದುಕೊಂಡದ್ದು ಸುಮಾರು 2 ಗಂಟೆ 50 ನಿಮಿಷ. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನನ್ 2 ಗಂಟೆ 32 ನಿಮಿಷಗಳ ಆಸುಪಾಸಿನಲ್ಲಿ ಗೆದ್ದರು. ಆ ಹಾದಿಯ ಉದ್ದ 42.75 ಕಿ.ಮೀ., ಅಂದರೆ ಇಂದಿನ ಮ್ಯಾರಥಾನ್‌ಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಚೌಗುಲೆಯವರ ವೇಗದಲ್ಲಿ ಆ ಹೆಚ್ಚುವರಿ ದೂರಕ್ಕೆ ಎರಡು ನಿಮಿಷಕ್ಕಿಂತ ಅಧಿಕ ಕಾಲ ಬೇಕು. 2023ರಲ್ಲಿ ಶಿಕಾಗೊದಲ್ಲಿ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡುಗಳಲ್ಲಿ ಓಡಿ ಬರೆದ ವಿಶ್ವದಾಖಲೆಯ ಪಕ್ಕದಲ್ಲಿ ಚೌಗುಲೆಯವರ ಸಮಯವನ್ನಿಟ್ಟರೆ ಹಾದಿಯ ಈ ವ್ಯತ್ಯಾಸವಾಗಲಿ, ಒಂದು ಶತಮಾನದಲ್ಲಿ ತರಬೇತಿ ಮತ್ತು ಸಲಕರಣೆಗಳಲ್ಲಾದ ಬದಲಾವಣೆಯಾಗಲಿ ಕಾಣುವುದಿಲ್ಲ. ಅದೇ ದಿನ ಅದೇ ಹಾದಿಯಲ್ಲಿ ಪಡೆದ 19ನೆಯ ಸ್ಥಾನವು ಅವರ ಕಾಲದ ಓಟಗಾರರ ನಡುವೆ ಅವರು ಎಲ್ಲಿದ್ದರೆಂಬುದನ್ನು ಹೆಚ್ಚು ಸರಿಯಾಗಿ ತಿಳಿಸುತ್ತದೆ.