ಕಲ್ಲಿನ ಅಕ್ಷರಕ್ಕೊಂದು ಮಸೂರ

ಲೆನ್ಸಿಗೆ ನಾವು ಕನ್ನಡದಲ್ಲಿ ‘ಮಸೂರ’ ಎನ್ನುತ್ತೇವೆ. ಸಂಸ್ಕೃತದಲ್ಲಿ ಮಸೂರವೆಂದರೆ ಚನ್ನಂಗಿ ಬೇಳೆ. ಲ್ಯಾಟಿನ್ನಿನ ‘ಲೆನ್ಸ್’ ಎಂಬ ಮಾತಿಗೂ ಅದೇ ಅರ್ಥ. ನಡುವೆ ಉಬ್ಬಿ, ಅಂಚಿನಲ್ಲಿ ತೆಳುವಾದ ಗಾಜಿನ ಬಿಲ್ಲೆಯನ್ನು ಕಂಡು ಯೂರೋಪಿನವರಿಗೆ ಅಡಿಗೆಮನೆಯ ಬೇಳೆ ನೆನಪಾಯಿತು. ನಮ್ಮವರು ಆ ಬೇಳೆಯನ್ನೇ ಸಂಸ್ಕೃತದ ಡಬ್ಬಿಯಿಂದ ತೆಗೆದುಕೊಟ್ಟರು. ಪಾರಿಭಾಷಿಕ ಶಬ್ದಗಳನ್ನು ಟಂಕಿಸುವವರು ಎಲ್ಲ ಸಲವೂ ಇಷ್ಟು ರುಚಿಕಟ್ಟಾಗಿ ಕೆಲಸ ಮಾಡಿಲ್ಲ. ಈ ಬೇಳೆಯ ಬೆಲೆ ಏನೆಂಬುದು ಮಾತ್ರ ಅಂಗಡಿಗೆ ಹೋದವನಿಗೇ ಗೊತ್ತು.

ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವ ನನಗೆ, ರಜೆ ಬಂದರೆ ಕೆರೆಯ ಏರಿ, ಹಾಳು ದೇವಸ್ಥಾನದ ಹಿತ್ತಿಲು ಅಲೆದು ಶಾಸನಗಳ, ವೀರಗಲ್ಲುಗಳ ಚಿತ್ರ ತೆಗೆಯುವ ಹವ್ಯಾಸ. ಇದನ್ನು ವಿದ್ವತ್ತೆಂದು ಕರೆದುಕೊಳ್ಳಲಾರೆ. ಶಾಸನವನ್ನು ನಿಜವಾಗಿ ಓದುವವರು ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಕೂರಿಸಿ, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಛಾಯಾಚಿತ್ರ ಅದಕ್ಕೆ ಸಮನಲ್ಲ. ಆದರೂ ಕಲ್ಲನ್ನು ಮುಟ್ಟದೆ, ಯಾರ ಮನಸ್ಸನ್ನೂ ನೋಯಿಸದೆ ಮನೆಗೆ ತರಬಹುದಾದದ್ದು ಚಿತ್ರವೊಂದೇ. ನನ್ನ ಕ್ಯಾಮರಾದ ಜೊತೆಯಲ್ಲೇ ಬಂದಿದ್ದ ಜೂಮ್ ಮಸೂರದಿಂದ ತೆಗೆದ ಚಿತ್ರಗಳಲ್ಲಿ ನಡುವಿನ ಅಕ್ಷರಗಳು ನಿಚ್ಚಳ, ಅಂಚಿನವು ಮಸುಕು. ಶಾಸನದಲ್ಲಿ ಸಾಲು ಹುಟ್ಟುವುದೂ ಮುಗಿಯುವುದೂ ಅಂಚಿನಲ್ಲಿಯೇ ಅಲ್ಲವೆ? ಶಿಕಾರಿಪುರದ ಸೀಮೆಯ ಒಂದು ವೀರಗಲ್ಲಿನಲ್ಲಿ, ಸತ್ತವನ ಹೆಸರಿನ ಎರಡನೆಯ ಅಕ್ಷರ ವಕಾರವೋ ಮಕಾರವೋ ತಿಳಿಯದೆ ಹೋಯಿತು. ಹೆಸರಿಗಾಗಿಯೇ ಅವನ ಊರಿನವರು ಆ ಕಲ್ಲು ನಿಲ್ಲಿಸಿದ್ದು. ಹೊಸ ಮಸೂರ ಕೊಳ್ಳಲೇಬೇಕೆಂದು ನಿಶ್ಚಯಿಸಿದೆ. ಕೊಳ್ಳುವ ಮೊದಲು ಓದುವುದು ನಮ್ಮ ಕಸುಬಿನವರ ಚಾಳಿ. ಓದುತ್ತ ಹೋದಂತೆ, ಚಪ್ಪಟೆಯಾದದ್ದನ್ನು ಚಪ್ಪಟೆಯಾಗಿ ತೋರಿಸುವ ಈ ಕಷ್ಟ ಛಾಯಾಗ್ರಹಣದಷ್ಟೇ ಹಳೆಯದೆಂದು ಗೊತ್ತಾಯಿತು.

1839ರಲ್ಲಿ ಪ್ಯಾರಿಸ್ಸಿನ ದಗೇರ್ ತನ್ನ ವಿದ್ಯೆಯನ್ನು ಲೋಕಕ್ಕೆ ಸಾರಿದಾಗ, ಮನುಷ್ಯರ ಮುಖದ ಚಿತ್ರ ತೆಗೆಸಿಕೊಳ್ಳುವುದೆಂದರೆ ನಿಮಿಷಗಟ್ಟಲೆ ಬಿಸಿಲಿನಲ್ಲಿ ಕಲ್ಲಾಗಿ ಕೂರಬೇಕಿತ್ತು. ಮಸೂರ ಒಳಬಿಡುತ್ತಿದ್ದ ಬೆಳಕು ಅಷ್ಟು ಅಲ್ಪ. ಮರುವರ್ಷವೇ, 1840ರಲ್ಲಿ, ವಿಯೆನ್ನಾದ ಗಣಿತದ ಅಧ್ಯಾಪಕ ಯೋಸೆಫ್ ಪೆಟ್ಸ್‌ವಾಲ್ ಒಂದು ಹೊಸ ಮಸೂರವನ್ನು ರೂಪಿಸಿದ. ಗಾಜನ್ನು ಉಜ್ಜಿ ನೋಡಿ, ಮತ್ತೆ ಉಜ್ಜಿ ನೋಡುವ ಕುಶಲಿಗಳ ಹಾದಿಯನ್ನು ಅವನು ಹಿಡಿಯಲಿಲ್ಲ. ಕಾಗದದ ಮೇಲೆ ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕಿದ. ಆ ಲೆಕ್ಕ ಒಬ್ಬನಿಂದ ಮುಗಿಯುವಂಥದಲ್ಲ. ಆಸ್ಟ್ರಿಯದ ರಾಜಮನೆತನದವರೊಬ್ಬರು ಫಿರಂಗಿ ದಳದಲ್ಲಿ ಗಣಿತ ಬಲ್ಲ ಸಿಪಾಯಿಗಳನ್ನು ಅವನ ನೆರವಿಗೆ ಕಳಿಸಿಕೊಟ್ಟರು. ಗುಂಡು ಎಲ್ಲಿ ಬೀಳುವುದೆಂದು ಲೆಕ್ಕ ಹಾಕುತ್ತಿದ್ದವರು ಬೆಳಕು ಎಲ್ಲಿ ಬೀಳುವುದೆಂದು ಲೆಕ್ಕ ಹಾಕಿದರು. ಫಿರಂಗಿ ದಳದಿಂದ ಲೋಕಕ್ಕಾದ ಉಪಕಾರಗಳಲ್ಲಿ ಇದನ್ನು ಮೊದಲು ಹೇಳಬೇಕು. ಹಿಂದಿನ ಮಸೂರಗಳಿಗಿಂತ ಸುಮಾರು ಹದಿನಾರು ಪಟ್ಟು ಬೆಳಕನ್ನು ಅದು ಒಳಬಿಟ್ಟಿತು. ಫೋಯ್ಕ್ಟ್‌ಲೆಂಡರ್ ಎಂಬ ಕನ್ನಡಕ, ದುರ್ಬೀನುಗಳ ತಯಾರಕ ಅದನ್ನು ಮಾಡಿ ಮಾರಿ ಹೆಸರು ಗಳಿಸಿದ. ಅಧ್ಯಾಪಕನಿಗೆ ದೊರೆತದ್ದು ಒಂದು ಇಡಿಗಂಟು ಮಾತ್ರ. ಇಬ್ಬರಿಗೂ ಜಗಳವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಈ ಮಸೂರಕ್ಕೊಂದು ಗುಣವಿತ್ತು, ಗುಣವೆನ್ನಿ, ದೋಷವೆನ್ನಿ. ಅದು ಮೂಡಿಸುತ್ತಿದ್ದ ಬಿಂಬ ತಟ್ಟೆಯಂತೆ ಸಮನಾಗಿರದೆ ಬೋಗುಣಿಯಂತೆ ಬಾಗಿರುತ್ತಿತ್ತು. ನಡುವಿನಲ್ಲಿ ಕಣ್ಣು ಮೂಗು ಸ್ಪಷ್ಟ. ಭುಜ, ಕುರ್ಚಿ, ಹಿಂದಿನ ಪರದೆ ಸುಳಿಸುಳಿಯಾಗಿ ಕರಗಿಹೋಗುವುದು. ಮುಖದ ಚಿತ್ರಕ್ಕೆ ಇದು ಒಪ್ಪುತ್ತದೆ. 2013ರಲ್ಲಿ ಅದೇ ಸುಳಿಯ ಮೋಹಕ್ಕೆ ಪೆಟ್ಸ್‌ವಾಲನ ಮಸೂರವನ್ನು ಹಿತ್ತಾಳೆಯಲ್ಲಿ ಹೊಸದಾಗಿ ಮಾಡಿ ಮಾರಿದವರುಂಟು. ಆದರೆ ಶಾಸನಕ್ಕೆ ಮೂಗಿಲ್ಲ, ಭುಜವಿಲ್ಲ. ಅದು ಇದ್ದಷ್ಟೂ ಮುಖವೇ. ಬಿಂಬ ಬಾಗುವುದಕ್ಕೆ ಕಾರಣವನ್ನೂ, ಅದನ್ನು ನೇರ ಮಾಡಲು ಗಾಜಿಗೆ ಇರಬೇಕಾದ ಲಕ್ಷಣವನ್ನೂ ಪೆಟ್ಸ್‌ವಾಲನೇ ಕಂಡುಕೊಂಡಿದ್ದ. ಆ ಲಕ್ಷಣದ ಗಾಜು ಮಾತ್ರ ಆಗ ಭೂಮಿಯ ಮೇಲೆ ಇರಲಿಲ್ಲ.

ಗಾಜು ಇಲ್ಲವೆಂದು ಕ್ಯಾಮರಾ ಸುಮ್ಮನಿರಲಿಲ್ಲ. ಹದಿನೈದೇ ವರ್ಷಗಳಲ್ಲಿ ಅದು ನಮ್ಮ ನಾಡಿಗೂ ಬಂತು. 1855ರಲ್ಲಿ ಮುಂಬಯಿ ಸರ್ಕಾರ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡ ಮತ್ತು ಶಾಸನಗಳ ಚಿತ್ರ ತೆಗೆಯಲು ನಿಯಮಿಸಿತು. ವರ್ಷ ಮುಗಿಯುವಷ್ಟರಲ್ಲಿ ಅವನನ್ನು ಮತ್ತೆ ಸೈನ್ಯಕ್ಕೆ ಕರೆಸಿಕೊಂಡು, ಡಾಕ್ಟರ್ ಪಿಗೋ ಎಂಬವನಿಗೆ ಕೆಲಸ ಒಪ್ಪಿಸಿದರು. 1856ರಲ್ಲಿ ಗ್ರೀನ್‌ಲಾ ಹಂಪೆಯಲ್ಲಿ ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದಗಳ ಮೇಲೆ ಚಿತ್ರ ತೆಗೆದ. ಅಂಚಿನವರೆಗೂ ವಿವರ ಬರಬೇಕಾದರೆ ಅಂದಿನವರಿಗೆ ಇದ್ದ ಉಪಾಯ ಒಂದೇ: ಮಸೂರದ ಕಂಡಿಯನ್ನು ಕಿರಿದು ಮಾಡಿ, ಕಡಿಮೆಯಾದ ಬೆಳಕಿಗೆ ಬದಲಾಗಿ ಹೆಚ್ಚು ಹೊತ್ತು ಕಾಯುವುದು. ಕಾದರೆ ನಷ್ಟವೇನು? ಕಲ್ಲು ಅಲುಗುವುದಿಲ್ಲ. ಬಿಗ್ಸ್, ಪಿಗೋ ತೆಗೆದ ಶಾಸನಗಳ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು, 1878ರಲ್ಲಿ ಜೆ. ಎಫ್. ಫ್ಲೀಟ್ ಪಾಳಿ, ಸಂಸ್ಕೃತ, ಹಳಗನ್ನಡ ಶಾಸನಗಳ ಚಿತ್ರಸಂಪುಟವೊಂದನ್ನು ಹೊರತಂದ. ಹಳಗನ್ನಡದ ಚರಿತ್ರೆಯಲ್ಲಿ ಓಲೆ, ಕಂಠಗಳ ಪಕ್ಕದಲ್ಲಿ ಮಸೂರಕ್ಕೂ ಒಂದು ಮಣೆ ಹಾಕಬೇಕೆಂದು ನನಗನ್ನಿಸುವುದು ಇದರಿಂದಲೇ.

ಬೇಕಾಗಿದ್ದ ಗಾಜು ಹುಟ್ಟಿದ್ದು ಜರ್ಮನಿಯ ಯೇನಾ ಊರಿನಲ್ಲಿ. ಅಲ್ಲಿನ ಭೌತವಿಜ್ಞಾನಿ ಎರ್ನ್ಸ್ಟ್ ಅಬ್ಬೆಗೆ 1879ರಲ್ಲಿ ಆಟೋ ಷಾಟ್ ಎಂಬ ಯುವಕ ತಾನು ಕರಗಿಸಿದ ಹೊಸ ಗಾಜಿನ ಬಗ್ಗೆ ಕಾಗದ ಬರೆದ. 1884ರಲ್ಲಿ ಅವರ ಗಾಜಿನ ಕಾರ್ಖಾನೆ ನಿಂತಿತು. ಬೇರಿಯಂ ಬೆರೆಸಿದ ಆ ಗಾಜು ಬೆಳಕನ್ನು ಹೆಚ್ಚು ಬಾಗಿಸುತ್ತಿತ್ತು, ಆದರೆ ಬಣ್ಣಗಳಾಗಿ ಹೆಚ್ಚು ಒಡೆಯುತ್ತಿರಲಿಲ್ಲ. ಅದನ್ನು ಹಿಡಿದು ಝೈಸ್ ಸಂಸ್ಥೆಯ ಪೌಲ್ ರುಡಾಲ್ಫ್ 1896ರಲ್ಲಿ ಆರು ಗಾಜುಗಳ ಒಂದು ಮಸೂರವನ್ನು ರಚಿಸಿದ. ಅದರ ಹೆಸರೇ ‘ಪ್ಲಾನಾರ್’, ಸಮತಲವುಳ್ಳದ್ದು ಎಂದು. ಶಾಸನದವರಿಗೆ ಸ್ವರ್ಗ ಮೂರೇ ಗೇಣು!

ಆದರೆ ಆ ಮೂರು ಗೇಣು ದಾಟಲು ನಲವತ್ತು ವರ್ಷ ಹಿಡಿಯಿತು. ಗಾಜಿಗೂ ಗಾಳಿಗೂ ಗಡಿ ಇರುವಲ್ಲೆಲ್ಲ ನೂರಕ್ಕೆ ನಾಲ್ಕೈದು ಪಾಲು ಬೆಳಕು ಹಿಂದಕ್ಕೆ ಚಿಮ್ಮುತ್ತದೆ. ಪ್ಲಾನಾರಿನಲ್ಲಿ ಅಂಥ ಗಡಿಗಳು ಎಂಟು. ನಾಲ್ಕರಲ್ಲೊಂದು ಪಾಲಿಗೂ ಹೆಚ್ಚು ಬೆಳಕು ದಾರಿಯಲ್ಲೇ ಕಳೆಯುತ್ತಿತ್ತು. ಕಳೆದುಹೋಗಿದ್ದರೆ ಚಿಂತೆಯಿರಲಿಲ್ಲ, ಅದು ಒಳಗೊಳಗೇ ಪುಟಿದು ಚಿತ್ರದ ಕಪ್ಪು ಜಾಗಗಳ ಮೇಲೆ ಮಂಜಿನಂತೆ ಕವಿಯುತ್ತಿತ್ತು. ಶಾಸನದ ಚಿತ್ರದಲ್ಲಿ ಅಕ್ಷರವೆಂದರೆ ಕೆತ್ತಿದ ಗೆರೆಯೊಳಗಿನ ನೆರಳು ತಾನೆ? ನೆರಳು ಬೂದಿಯಾದರೆ ಅಕ್ಷರವೂ ಬೂದಿ. ರುಡಾಲ್ಫನೇ 1902ರಲ್ಲಿ, ನಾಲ್ಕೇ ಗಾಜುಗಳ, ಆರೇ ಗಡಿಗಳ ‘ಟೆಸ್ಸಾರ್’ ಮಸೂರವನ್ನು ಮಾಡಿದ. ಅದು ಬೆಳಕನ್ನು ಅಷ್ಟು ಧಾರಾಳವಾಗಿ ಬಿಡದಿದ್ದರೂ ಚಿತ್ರ ಕಟುವಾಗಿ, ಸ್ವಚ್ಛವಾಗಿ ಬರುತ್ತಿತ್ತು. ಲೋಕ ಟೆಸ್ಸಾರನ್ನು ಕೊಂಡಿತು. ಪ್ಲಾನಾರ್ ಮೂಲೆಗೆ ಸರಿಯಿತು.

ಅದನ್ನು ಮೂಲೆಯಿಂದ ಎಬ್ಬಿಸಿದ್ದು ಒಂದು ಕಲೆ. ಕಲೆಯೆಂದರೆ ಸಾಹಿತ್ಯ ಸಂಗೀತಗಳ ಕಲೆಯಲ್ಲ, ಬಟ್ಟೆಗೆ ಹತ್ತುವ ಕಲೆ. ವರ್ಷಗಟ್ಟಲೆ ಗಾಳಿಗೆ ಬಣ್ಣಗೆಟ್ಟ ಹಳೆಯ ಮಸೂರಗಳು ಹೊಸವಕ್ಕಿಂತ ಹೆಚ್ಚು ಬೆಳಕನ್ನು ಒಳಬಿಡುತ್ತವೆಂಬುದನ್ನು ಇಂಗ್ಲೆಂಡಿನ ಡೆನಿಸ್ ಟೇಲರ್ 1890ರ ದಶಕದಲ್ಲಿ ಗಮನಿಸಿದ. ರಾಸಾಯನಿಕಗಳಿಂದ ಬೇಕೆಂದೇ ಆ ಕಲೆ ಹತ್ತಿಸಲೂ ನೋಡಿದ. 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ, ನಿರ್ವಾತದಲ್ಲಿ ಗಾಜಿನ ಮೇಲೆ ಅತಿ ತೆಳುವಾದ ಲೇಪ ಕೂರಿಸುವ ವಿಧಾನವನ್ನು ಸಾಧಿಸಿದ. ಜರ್ಮನ್ ಸೈನ್ಯ ಅದನ್ನು ಕೆಲವು ಕಾಲ ಗುಟ್ಟಾಗಿಟ್ಟಿತು. ಯುದ್ಧ ಮುಗಿದ ಮೇಲೆ ಎಲ್ಲ ಮಸೂರಗಳಿಗೂ ಆ ನೇರಿಳೆ ಹೊಳಪು ಬಂತು. ಇಂದು ಅಂಗಡಿಯಲ್ಲಿ ಸಿಗುವ 50 ಮಿಲಿಮೀಟರಿನ ಅಗ್ಗದ ಮಸೂರಗಳಲ್ಲಿ ಹೆಚ್ಚಿನವು ಪ್ಲಾನಾರಿನ ವಂಶದವೇ.

ಬೆಂಗಳೂರಿನ ಅಂಗಡಿಯಾತ ನನ್ನ ಮುಂದೆ ಮೂರು ಮಸೂರಗಳನ್ನಿಟ್ಟ: ಉದ್ದನೆಯ ಜೂಮ್ ಒಂದು, 1.4 ಕಂಡಿಯ 50 ಮಿಲಿಮೀಟರಿನದೊಂದು, 2.8 ಕಂಡಿಯ 60 ಮಿಲಿಮೀಟರಿನ ಮೈಕ್ರೊ ಒಂದು. ನಾನು ಗೋಡೆಯ ಕನ್ನಡ ಕ್ಯಾಲೆಂಡರಿಗೆ ನೇರವಾಗಿ ನಿಂತು, ಮೂರರಿಂದಲೂ ಅದರ ಚಿತ್ರ ತೆಗೆಯತೊಡಗಿದೆ. ತಿಥಿ, ನಕ್ಷತ್ರ, ರಾಹುಕಾಲಗಳ ಸಣ್ಣ ಅಕ್ಷರಗಳಿಗಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. “ಕ್ಯಾಲೆಂಡರ್ ಬೇಕಾದ್ರೆ ಅದನ್ನೇ ಕೊಡ್ತೀನಿ ಸಾರ್, ಫೋಟೋ ಯಾಕೆ?” ಎಂದ ಆತ. ಜೂಮಿನಲ್ಲಿ ಕ್ಯಾಲೆಂಡರಿನ ಅಂಚುಗಳು ಪೀಪಾಯಿಯಂತೆ ಉಬ್ಬಿದ್ದವು. 50ರದು, ಕಂಡಿಯನ್ನು 8ಕ್ಕೆ ಕಿರಿದು ಮಾಡಿದಾಗ, ಮೂಲೆಯ ‘ಕೃತ್ತಿಕಾ’ವನ್ನೂ ತಪ್ಪಿಲ್ಲದೆ ಓದಿಸಿತು, ಆದರೆ ಒಂದೂವರೆ ಅಡಿಗಿಂತ ಹತ್ತಿರ ಹೋದರೆ ಅದಕ್ಕೆ ಕಣ್ಣು ಕೂಡದು. ಮೈಕ್ರೊ ಮಾತ್ರ ಕಾಗದಕ್ಕೆ ಮೂಗು ತಾಗಿಸುವಷ್ಟು ಸಮೀಪ ಹೋಯಿತು. ಅಂಗಡಿಯಾತನ ಒಲವು 1.4ರ ಕಡೆಗೆ: “ನಾಲ್ಕು ಪಟ್ಟು ಬೆಳಕು ಸಾರ್, ಹಿಂದಿನದೆಲ್ಲ ಬೆಣ್ಣೆ ಹಾಗೆ ಕರಗುತ್ತೆ.” ಆತ ಹೇಳಿದ್ದು ಸುಳ್ಳಲ್ಲ. ಆದರೆ ವೀರಗಲ್ಲಿನ ಹಿಂದೆ ಕರಗಬೇಕಾದದ್ದು ಏನೂ ಇಲ್ಲ; ಬೆಳಕು ಸಾಲದಿದ್ದರೆ ಮುಕ್ಕಾಲಿ ಹೂಡಿ, ಬಿಗ್ಸ್‌ನಂತೆ ಕಾಯಬಹುದು.

ಮೈಕ್ರೊವಿನ ಕಡೆಗೆ ನನ್ನ ಮನಸ್ಸು ವಾಲಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಯುದ್ಧಾನಂತರ ಜಪಾನಿನಲ್ಲಿ ಪುಸ್ತಕ, ಕಡತಗಳನ್ನು ಮೈಕ್ರೊಫಿಲ್ಮಿಗೆ ಇಳಿಸತೊಡಗಿದಾಗ ಒಂದು ತೊಡಕು ಕಾಣಿಸಿತು. ರೋಮನ್ ಲಿಪಿಗೆ ಸಾಕಾಗಿದ್ದ ಮಸೂರಗಳು ಕಾಂಜಿ ಲಿಪಿಗೆ ಸಾಲವು. ಒಂದೇ ಅಕ್ಷರದಲ್ಲಿ ಹತ್ತು ಹದಿನೈದು ಗೆರೆಗಳಿರುವ ಲಿಪಿ ಅದು. ಕಿರಿದು ಮಾಡಿದರೆ ಮಸಿಯ ಬೊಟ್ಟಾಗುತ್ತಿತ್ತು. ಟೋಕಿಯೋ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಕೋಆನಾ ಈ ಕೊರತೆಯನ್ನು ಎತ್ತಿ ತೋರಿಸಿದರು. ನಿಕಾನ್ ಸಂಸ್ಥೆಯ ವಾಕಿಮೋತೊ ಜೆಂಜಿ ಅದಕ್ಕಾಗಿಯೇ ರೂಪಿಸಿದ ‘ಮೈಕ್ರೊ ನಿಕ್ಕರ್’ 1956ರಲ್ಲಿ ಹೊರಬಂತು. ಹೂವು, ಚಿಟ್ಟೆ, ಜೇಡಗಳಿಗೆ ಇಂದು ಎಲ್ಲರೂ ಬಳಸುವ ಆ ಮಸೂರದ ವಂಶ ಹುಟ್ಟಿದ್ದು ಲಿಪಿಗಾಗಿ. ಒತ್ತಕ್ಷರ, ಸುಳಿ, ಕೊಂಬುಗಳ ಕನ್ನಡ ಲಿಪಿಯವನಾದ ನನಗೆ ಇದು ದೂರದ ನೆಂಟಸ್ತಿಕೆಯೆನಿಸಲಿಲ್ಲ. ಹಣ ಎಣಿಸಿಕೊಟ್ಟು ಮೈಕ್ರೊವನ್ನೇ ತಂದೆ. ಚಿನ್ನಕ್ಕಾದರೆ ಕಷ್ಟಕಾಲದಲ್ಲಿ ಬೆಲೆ ಬರುತ್ತಿತ್ತೆಂದು ಮನೆಯಲ್ಲಿ ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನ ರಜೆಯಲ್ಲಿ ಅದೇ ಕೆರೆಯ ಏರಿಗೆ ಹೋಗಿ, ಸಂಜೆಯ ಇಳಿಬಿಸಿಲು ಕಲ್ಲಿನ ಮೈಯನ್ನು ಓರೆಯಾಗಿ ಸವರುವವರೆಗೆ ಕಾದೆ. ಮೊದಲು ಇಡೀ ಕಲ್ಲು, ಆಮೇಲೆ ಒಂದೊಂದೇ ಸಾಲು, ಕೊನೆಗೆ ಆ ಹೆಸರು. ವಕಾರವೇ ಸರಿ, ಮಕಾರಕ್ಕೆ ಬೇಕಾದ ಬಾಲ ಎಲ್ಲಿಯೂ ಇಲ್ಲ. ಮೂರನೆಯ ಅಕ್ಷರವಿದ್ದ ಕಡೆ ಕಲ್ಲಿನ ಚಕ್ಕೆಯೇ ಎದ್ದುಹೋಗಿದೆ.