ಕಣಜಗಳು ಕಟ್ಟಿದ ಬಫಲೋ

ಅಮೆರಿಕದ ಈರಿ ಸರೋವರದ ದಂಡೆಯ ಬಫಲೋ ನಗರ ಶ್ರೀಮಂತವಾಗಿದ್ದು ಗೋಧಿಯಿಂದ. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ಒಳನಾಡಿನ ಧಾನ್ಯವೆಲ್ಲ ಇಲ್ಲೇ ಹಡಗಿನಿಂದ ದೋಣಿಗೆ ಇಳಿಯಬೇಕಿತ್ತು. ಮೊದಮೊದಲು ಅದನ್ನು ಹೊತ್ತು ಹಾಕುತ್ತಿದ್ದುದು ಕೂಲಿಗಳ ಬೆನ್ನು. 1842ರಲ್ಲಿ ವ್ಯಾಪಾರಿ ಜೋಸೆಫ್ ಡಾರ್ಟ್, ಎಂಜಿನಿಯರ್ ರಾಬರ್ಟ್ ಡನ್ಬಾರ್ ಜತೆಗೂಡಿ ಉಗಿಯಂತ್ರದ ಕಣಜ ಕಟ್ಟಿಸಿದ. ಪಟ್ಟಿಗೆ ಸಾಲಾಗಿ ಬಿಗಿದ ಬಕೆಟ್ಟುಗಳು ಹಡಗಿನ ಹೊಟ್ಟೆಗಿಳಿದು ಕಾಳು ತುಂಬಿಕೊಂಡು ಮೇಲೇರುತ್ತಿದ್ದವು. ಮುಂದೆ ಬಂದ ದೈತ್ಯ ಕಾಂಕ್ರೀಟ್ ಕಣಜಗಳ ಫೋಟೋ ನೋಡಿಯೇ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಮಾರುಹೋದ.

ದುಡ್ಡು ಬಂತು, ಹಿಂದೆಯೇ ವಾಸ್ತುಶಿಲ್ಪಿಗಳೂ ಬಂದರು. 1896ರ ಹೊತ್ತಿಗೆ ಲೂಯಿ ಸಲಿವನ್ ಮತ್ತು ಡ್ಯಾಂಕ್ಮಾರ್ ಆಡ್ಲರ್ ಕೆಂಪು ಟೆರಾಕೋಟದ ಗ್ಯಾರಂಟಿ ಬಿಲ್ಡಿಂಗ್ ಎಬ್ಬಿಸಿದರು. ಅದರ ಮೈಮೇಲೆ ಕುಸುರಿಯಿಲ್ಲದ ಜಾಗ ಹುಡುಕಬೇಕು. ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಲಾರ್ಕಿನ್ ಕಚೇರಿಯನ್ನು ಮಾತ್ರ 1950ರಲ್ಲಿ ಕೆಡವಿಹಾಕಿದರು. ಉಳಿದದ್ದು ಒಂದು ಇಟ್ಟಿಗೆ ಕಂಬ. ಅಕ್ಷಮ್ಯ!

1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆಯಿತು, ಹಡಗುಗಳು ಬಫಲೋವನ್ನು ಬಿಟ್ಟು ನೇರ ಸಮುದ್ರಕ್ಕೆ ಹೊರಟವು. ಉಕ್ಕಿನ ಕಾರ್ಖಾನೆಗಳೂ ಸೊರಗಿದವು.

ಈಗ ಪಾಳು ಕಣಜಗಳೊಳಗೆ ಕವಿಗೋಷ್ಠಿ ನಡೆಯುತ್ತದೆ. ಎಚ್.ಎಚ್. ರಿಚರ್ಡ್ಸನ್ ವಿನ್ಯಾಸದ ಹಳೆಯ ಮಾನಸಿಕ ಆಸ್ಪತ್ರೆಯ ಒಂದು ಭಾಗ 2017ರಲ್ಲಿ ಹೋಟೆಲಾಯಿತು. 1950ರಿಂದ ಇಳಿಯುತ್ತಲೇ ಇದ್ದ ಜನಸಂಖ್ಯೆ 2020ರ ಗಣತಿಯಲ್ಲಿ ಮೊದಲ ಬಾರಿ ಏರಿ 2.78 ಲಕ್ಷ ತಲುಪಿತು.