ಆರು ದಿನದ ಪಂದ್ಯ ಮತ್ತು ಮೇಷ್ಟ್ರ ಯೆಜ್ಡಿ

ಮೂರು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಬೆಳಿಗ್ಗೆ, ಮಲೆನಾಡಿನ ಒಂದು ಹಳ್ಳದ ನಡುವೆ ನನ್ನ ಬೈಕು ನಿಂತುಹೋಯಿತು. ಹೊಸ ಬೈಕು. ಕಚ್ಚಾ ದಾರಿಗೆಂದೇ ಮಾಡಿದ್ದು. ಎತ್ತರದ ಸೀಟು, ದೊಡ್ಡ ಮುಂಗಾಲಿ, ಉಬ್ಬುತಗ್ಗಿನ ಟೈರು ನೋಡಿ ಮರುಳಾಗಿ ಕೊಂಡಿದ್ದೆ. ಹೇಗೋ ದಡಕ್ಕೆ ತಳ್ಳಿಕೊಂಡು ಬಂದು ಸೆಲ್ಫ್ ಬಟನ್ ಮೇಲೆ ಬೆರಳಿಟ್ಟೆ.

"ಬೇಡ ಮಾರಾಯ, ಒತ್ತಬೇಡ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಹಳೆಯ ಯೆಜ್ಡಿ ನಿಲ್ಲಿಸಿ ಇಳಿದು ಬರುತ್ತಿದ್ದರು. "ಪ್ಲಗ್ ಬಿಚ್ಚುವ ಪಾನ ಉಂಟಾ?" ಎಂದು ಕೇಳಿದರು. ಬೈಕಿನ ಜೊತೆ ಕೊಟ್ಟಿದ್ದ ಟೂಲ್ ಕಿಟ್ ಮನೆಯ ಕಪಾಟಿನಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಕೂತಿತ್ತು. ಮೇಷ್ಟ್ರು ಏನೂ ಅನ್ನದೆ ತಮ್ಮ ಗಾಡಿಯ ಡಬ್ಬಿಯಿಂದ ಸಾಮಾನು ತಂದರು. ಪ್ಲಗ್ ಬಿಚ್ಚಿದರು. ಏರ್ ಫಿಲ್ಟರ್ ತೆಗೆದು ಬಟ್ಟೆ ಹಿಂಡಿದಂತೆ ಹಿಂಡಿದರು. "ಹ್ಞೂಂ, ಈಗ ಒತ್ತು" ಎಂದರು. ಪ್ಲಗ್ಗಿನ ತೂತಿನಿಂದ ನೀರು ಚಿಲ್ಲೆಂದು ಹಾರಿತು. ಮುಕ್ಕಾಲು ಗಂಟೆಯಲ್ಲಿ ಬೈಕು ಮತ್ತೆ ಉಸಿರಾಡತೊಡಗಿತು.

ನೀರನ್ನು ಗಾಳಿಯಂತೆ ಅದುಮಲು ಬರುವುದಿಲ್ಲ. ಸಿಲಿಂಡರಿನಲ್ಲಿ ನೀರು ತುಂಬಿರುವಾಗ ಎಂಜಿನ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಗ್ಗಿಹೋಗಬಹುದು. ನನಗೆ ಇದು ಗೊತ್ತಿರಲಿಲ್ಲ, ಮೇಷ್ಟ್ರಿಗೆ ಗೊತ್ತಿತ್ತು. ಅವರು ಮೆಕ್ಯಾನಿಕ್ ಅಲ್ಲ, ಕನ್ನಡ ಪಾಠ ಮಾಡಿದವರು. ಕಚ್ಚಾ ದಾರಿಗೆಂದೇ ಬೈಕು ಕೊಂಡವನಿಗಿಲ್ಲದ ತಿಳಿವಳಿಕೆ ಅವರಿಗೆ ಎಲ್ಲಿಂದ ಬಂತು? ಹುಡುಕುತ್ತ ಹೋದಾಗ ಸಿಕ್ಕಿದ್ದು ನೂರು ವರ್ಷಕ್ಕೂ ಹಿಂದಿನ ಒಂದು ಪಂದ್ಯದ ಕಥೆ.

1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್ ಎಂಬ ಊರಿನಲ್ಲಿ 'ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್' ಶುರುವಾಯಿತು. ಇದು ಯಾರು ಮೊದಲು ಗುರಿ ಮುಟ್ಟುತ್ತಾರೆಂದು ನೋಡುವ ಓಟವಲ್ಲ. ಗಾಡಿ ಎಷ್ಟು ತಾಳುತ್ತದೆ ಎಂಬುದರ ಪರೀಕ್ಷೆ. ಆರು ದಿನ ಗುಡ್ಡ, ಕೆಸರು, ಕಲ್ಲುದಾರಿಗಳಲ್ಲಿ ಓಡಿಸಿ, ನಿಗದಿ ಮಾಡಿದ ಹೊತ್ತಿಗೆ ಒಂದೊಂದು ಠಾಣೆ ತಲುಪಬೇಕು. ತಡವಾದರೆ ಅಂಕ ಕಡಿತ. ಈ ಪಂದ್ಯದಲ್ಲಿ ರೂಢಿಯಾದ ಕಟ್ಟಳೆಗಳು ಕುತೂಹಲದವು. ದಾರಿಯಲ್ಲಿ ಗಾಡಿ ಕೆಟ್ಟರೆ ಓಡಿಸುವವನೇ ಸರಿಮಾಡಿಕೊಳ್ಳಬೇಕು, ಮೆಕ್ಯಾನಿಕ್ ಕೈ ಹಾಕುವಂತಿಲ್ಲ. ಮುಖ್ಯ ಭಾಗಗಳಿಗೆ ಗುರುತು ಹಾಕಿರುತ್ತಾರೆ, ಗುಟ್ಟಾಗಿ ಬದಲಿಸುವಂತಿಲ್ಲ. ರಾತ್ರಿ ಗಾಡಿಗಳೆಲ್ಲ ಬೇಲಿಯೊಳಗೆ ಬಂದಿ. ಟೈರು ಬದಲಿಸುವ ಹೊತ್ತೂ ಸವಾರನ ಲೆಕ್ಕದಿಂದಲೇ ಹೋಗುತ್ತದೆ.

ಹೀಗಾಗಿ ಗೆಲ್ಲಬೇಕೆನ್ನುವ ಕಾರ್ಖಾನೆ ಬಲವಾದ ಎಂಜಿನ್ ಮಾಡಿದರೆ ಸಾಲದು. ದಣಿದು ಕೆಸರಲ್ಲಿ ಕೂತ ಮನುಷ್ಯ, ಬೆರಳು ಮರಗಟ್ಟಿರುವಾಗಲೂ, ಕೈಯಲ್ಲಿರುವ ನಾಲ್ಕು ಸಾಮಾನಿನಿಂದ ಬಿಚ್ಚಿ ಜೋಡಿಸುವಂಥ ಗಾಡಿ ಮಾಡಬೇಕು. ಕಾಡುದಾರಿಯ ಬೈಕಿನ ಮಟ್ಟಿಗೆ ಆಯ್ಕೆ ಬೇರೆ, ಪಾಲನೆ ಬೇರೆ ಅಲ್ಲ ಎಂಬ ಮಾತನ್ನು ಈ ಪಂದ್ಯ ಆಗಲೇ ಹೇಳಿಬಿಟ್ಟಿತ್ತು.

ನಮಗೆ ಹತ್ತಿರದ ಸಂಗತಿ ಇನ್ನು ಮುಂದಿದೆ. ಭಾರತದ ಹಳ್ಳಿಗಾಡಿನಲ್ಲಿ ಮನೆಮಾತಾದ ಎರಡು ಬೈಕುಗಳ ಬೇರೂ ಈ ಪಂದ್ಯದ ಕೆಸರಿನಲ್ಲಿದೆ.

ಮೊದಲನೆಯದು ಬುಲೆಟ್. ಆ ಕಾಲದ ಬಹುಪಾಲು ಬೈಕುಗಳ ಹಿಂಗಾಲಿ ಚೌಕಟ್ಟಿಗೇ ಬಿಗಿದಿರುತ್ತಿತ್ತು. 1948ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಂಗಾಲಿಗೆ ತೂಗುವ ತೋಳು ಮತ್ತು ಸ್ಪ್ರಿಂಗ್ ಕೊಟ್ಟ ಹೊಸ ಬುಲೆಟ್ಟನ್ನು ಕಚ್ಚಾ ದಾರಿಯ ಪಂದ್ಯಗಳಿಗೆ ಇಳಿಸಿತು. ಕಲ್ಲಿನ ಮೇಲೆ ಕುಪ್ಪಳಿಸುವ ಬದಲು ಚಕ್ರ ನೆಲ ಬಿಡದೆ ಹಿಡಿದುಕೊಂಡಿತು. ಅದೇ ವರ್ಷ ಇಟಲಿಯ ಸ್ಯಾನ್ ರೆಮೊದಲ್ಲಿ ನಡೆದ ಆರು ದಿನದ ಪಂದ್ಯದಲ್ಲಿ ಗೆದ್ದ ಬ್ರಿಟಿಷ್ ತಂಡದಲ್ಲಿ ಎರಡು ಬುಲೆಟ್‌ಗಳಿದ್ದವು, ಎರಡಕ್ಕೂ ಚಿನ್ನದ ಪದಕ. 1950ರ ದಶಕದಲ್ಲಿ ನಮ್ಮ ಸೇನೆ ಗಡಿ ಕಾಯಲು ಇದೇ ಬುಲೆಟ್ಟನ್ನು ಆರಿಸಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು.

ಎರಡನೆಯದು ಜಾವಾ. 1929ರಲ್ಲಿ ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ಅದರ ಮೊದಲೆರಡು ಅಕ್ಷರ ಸೇರಿಸಿ ಇಟ್ಟ ಹೆಸರು ಅದು. 1947ರಲ್ಲಿ ಆರು ದಿನದ ಪಂದ್ಯ ಝ್ಲೀನ್ ಊರಿನಲ್ಲಿ ನಡೆದಾಗ ಚೆಕೊಸ್ಲೊವಾಕಿಯಾ ಟ್ರೋಫಿ ಗೆದ್ದಿತು. ಮುಂದಿನ ಮೂರು ದಶಕ ಮತ್ತೆ ಮತ್ತೆ ಗೆದ್ದಿತು. ಜಾವಾ ಮತ್ತು ಅದರ ಸೋದರ ಕಂಪನಿಯಾದ ಚೇಝೆಟ್‌ನ ಟೂ ಸ್ಟ್ರೋಕ್ ಬೈಕುಗಳು ಆ ದೇಶದ ಹೆಮ್ಮೆಯಾದವು. ಆ ಜಾವಾ ಮೈಸೂರಿಗೆ ಬಂತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟಿಸಿದರು. 1973ರಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಜಾವಾವನ್ನು ಬಿಚ್ಚಿ ನೋಡಿದವರಿಗೆ ಆ ಗಾಡಿಯ ಬುದ್ಧಿ ಅರ್ಥವಾಗುತ್ತದೆ. ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಎಂಜಿನ್ ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸಿದರಾಯಿತು. ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇಲ್ಲ, ಒಂದನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಎರಡು ಕೆಲಸ. ಚೈನನ್ನು ಪೂರ್ತಿಯಾಗಿ ಪೆಟ್ಟಿಗೆಯೊಳಗೆ ಮುಚ್ಚಿರುವುದರಿಂದ ನಮ್ಮ ಕೆಂಪು ಮಣ್ಣು ಅದನ್ನು ಬೇಗ ತಿನ್ನುತ್ತಿರಲಿಲ್ಲ. ಮೇಷ್ಟ್ರುಗಳು, ಪಶುವೈದ್ಯರು, ಕಾಫಿ ತೋಟದ ರೈಟರ್‌ಗಳು ಈ ಗಾಡಿಯನ್ನು ಅಂಗಳದಲ್ಲಿ ಗೋಣಿಚೀಲ ಹಾಸಿ ಬಿಚ್ಚುತ್ತಿದ್ದುದು ಬರೀ ಜಿಪುಣತನದಿಂದಲ್ಲ. ಗ್ಯಾರೇಜು ದೂರವಿತ್ತು, ಗಾಡಿ ಬಿಚ್ಚಲು ಒಗ್ಗುವಂತಿತ್ತು. ಆರು ದಿನದ ಪಂದ್ಯದ ಕಟ್ಟಳೆಯನ್ನು ಅವರು ಕೇಳಿರಲಿಲ್ಲ, ಆದರೆ ಪ್ರತಿ ಮಳೆಗಾಲ ಅದರಂತೆಯೇ ಬದುಕಿದ್ದರು.

ಅತ್ತ ಅಮೆರಿಕದಲ್ಲಿ ಇನ್ನೊಂದು ಕವಲು ಒಡೆಯಿತು. 1962ರಲ್ಲಿ ಡೇವ್ ಎಕಿನ್ಸ್ ಮತ್ತು ಬಿಲ್ ರಾಬರ್ಟ್‌ಸನ್ ಎಂಬಿಬ್ಬರು ಹೋಂಡಾ ಸ್ಕ್ರ್ಯಾಂಬ್ಲರ್‌ಗಳಲ್ಲಿ ಮೆಕ್ಸಿಕೊದ ಬಾಹಾ ಮರುಭೂಮಿಯನ್ನು ತಿಹುವಾನಾದಿಂದ ಲಾ ಪಾಸ್‌ವರೆಗೆ, ಸುಮಾರು 1500 ಕಿಲೋಮೀಟರ್, ಎರಡು ದಿನದೊಳಗೆ ದಾಟಿದರು. ಆಗಿನ ಸ್ಕ್ರ್ಯಾಂಬ್ಲರ್ ಎಂದರೆ ಡಾಂಬರು ರಸ್ತೆಯ ಬೈಕಿಗೆ ಸೈಲೆನ್ಸರ್ ಮೇಲೆತ್ತಿ ಕಟ್ಟಿದ ಗಾಡಿ. 1968ರಲ್ಲಿ ಬಂದ ಯಮಹಾ ಡಿಟಿ-1 ಹಾಗಲ್ಲ. 246 ಸಿಸಿಯ ಹಗುರ ಟೂ ಸ್ಟ್ರೋಕ್ ಬೈಕು, ಮೊದಲಿಂದಲೇ ಕಾಡುದಾರಿಗೆಂದು ರೂಪಿಸಿದ್ದು. ಜೊತೆಗೆ ದೀಪ, ನಂಬರ್ ಪ್ಲೇಟ್ ಕಟ್ಟಿಕೊಂಡು ಪೇಟೆಗೂ ಹೋಗಬಹುದು. ಇವತ್ತು ನಾವು ಟ್ರೇಲ್ ಬೈಕ್ ಎನ್ನುವ ಜಾತಿ ಮನೆಮನೆಗೆ ಹರಡಿದ್ದು ಇದರಿಂದ.

1977ರಲ್ಲಿ ಥಿಯರಿ ಸಬೀನ್ ಎಂಬ ಫ್ರೆಂಚ್ ಸವಾರ ಯಮಹಾ ಎಕ್ಸ್‌ಟಿ 500ರಲ್ಲಿ ಹೋಗುತ್ತ ಲಿಬಿಯಾದ ಮರುಭೂಮಿಯಲ್ಲಿ ದಾರಿ ತಪ್ಪಿ ಸಾಯುವುದರಲ್ಲಿದ್ದ. ಬದುಕಿ ಬಂದವನು ಮರುವರ್ಷದ ಡಿಸೆಂಬರಿನಲ್ಲಿ ಪ್ಯಾರಿಸ್‌ನಿಂದ ಡಾಕರ್‌ವರೆಗಿನ ರ‍್ಯಾಲಿ ಶುರುಮಾಡಿದ. ಮೊದಲ ರ‍್ಯಾಲಿಯನ್ನು ಸಿರಿಲ್ ನೆವೊ ಗೆದ್ದದ್ದು ಎಕ್ಸ್‌ಟಿ 500ರಲ್ಲೇ. ಒಂದೇ ಸಿಲಿಂಡರ್, ಗಾಳಿಯಲ್ಲೇ ತಣಿಯುವ ಎಂಜಿನ್, ಕಿಕ್ಕರ್. ಮರಳುಗಾಡಿನಲ್ಲೂ ಮೊದಲು ಗೆದ್ದದ್ದು ಸರಳ ಗಾಡಿ.

ನಮ್ಮಲ್ಲಿ ಇಂಥ ಬೈಕು ಅಂಗಡಿಯಲ್ಲಿ ಸಿಗಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಕಚ್ಚಾ ದಾರಿಯ ಹುಚ್ಚಿದ್ದವರು 1985ರಲ್ಲಿ ಬಂದ ಆರ್‌ಎಕ್ಸ್ 100ರಂಥವನ್ನು ತಮಗೆ ಬೇಕಾದಂತೆ ಬದಲಿಸಿಕೊಂಡರು. 2011ರಲ್ಲಿ ಬಂದ ಹೀರೊ ಇಂಪಲ್ಸ್ ಹೆಚ್ಚು ದಿನ ನಿಲ್ಲಲಿಲ್ಲ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೊ ಎಕ್ಸ್‌ಪಲ್ಸ್ 200 ಬಂದವು. ಎರಡರ ಮುಂಗಾಲಿಯೂ 21 ಇಂಚಿನದು. ಚಕ್ರ ದೊಡ್ಡದಾದಷ್ಟೂ ಕಲ್ಲು, ಬೇರುಗಳ ಮೇಲೆ ಸುಲಭವಾಗಿ ಹತ್ತಿ ಉರುಳುತ್ತದೆ. ನೆಲದಿಂದ ಎಂಜಿನ್ ತಳಕ್ಕೆ ಎರಡರಲ್ಲೂ 220 ಮಿಲಿಮೀಟರ್ ಅಂತರ.

ಈ ಇತಿಹಾಸ ಓದಿದ ಮೇಲೆ ಬೈಕು ಆರಿಸುವ ನನ್ನ ಲೆಕ್ಕವೇ ಬದಲಾಯಿತು. ಮೊದಲು ಸಿಸಿ ಎಷ್ಟು, ವೇಗ ಎಷ್ಟು ಎಂದು ಕೇಳುತ್ತಿದ್ದೆ. ಈಗ ಯಾರಾದರೂ ಕೇಳಿದರೆ ಹೇಳುವುದು ಇಷ್ಟು: ಅಂಗಡಿಯಲ್ಲಿ ಬೈಕಿನ ಮೇಲೆ ಕೂತು ಎರಡೂ ಪಾದ ನೆಲಕ್ಕೆ ಎಟುಕುತ್ತವೆಯೇ ನೋಡಿ. ಅದು ಕೆಸರಲ್ಲಿ ಮಲಗಿದರೆ ಒಬ್ಬರೇ ಎತ್ತಬಲ್ಲಿರಾ ಯೋಚಿಸಿ. ಏರ್ ಫಿಲ್ಟರ್ ಎಲ್ಲಿದೆ, ತೆಗೆಯಲು ಎಷ್ಟು ಸ್ಕ್ರೂ ಬಿಚ್ಚಬೇಕು ಎಂದು ಕೇಳಿ. ಪ್ಲಗ್ ಕೈಗೆ ಸಿಗುತ್ತದೆಯೇ? ಕ್ಲಚ್ ಕೇಬಲ್, ಬ್ರೇಕ್ ಲಿವರ್ ನಿಮ್ಮ ತಾಲ್ಲೂಕಿನ ಅಂಗಡಿಯಲ್ಲಿ ದೊರೆಯುತ್ತವೆಯೇ? ಹಳೆಯ ಬೈಕಾದರೆ ಎಂಜಿನ್ ತಳದಲ್ಲಿ ಕಲ್ಲೇಟು, ಫೋರ್ಕಿನಲ್ಲಿ ಎಣ್ಣೆಯ ಜಿನುಗು, ಸ್ಪ್ರಾಕೆಟ್ಟಿನ ಹಲ್ಲುಗಳ ಕೊಕ್ಕೆ ನೋಡಿ. ಮಾಲೀಕರ ಮಾತಿಗಿಂತ ಅವು ಹೆಚ್ಚು ನಿಜ ಹೇಳುತ್ತವೆ.

ಪಾಲನೆಯೂ ಇಷ್ಟೇ ಸರಳ, ಆದರೆ ತಪ್ಪಿಸುವಂತಿಲ್ಲ. ದೂಳಿನ ದಾರಿಯಲ್ಲಿ ಓಡಿಸಿ ಬಂದ ಮೇಲೆ ಏರ್ ಫಿಲ್ಟರ್ ನೋಡಬೇಕು. ಅದು ಸ್ಪಂಜಿನದಾದರೆ ತೊಳೆದು, ನೆರಳಲ್ಲಿ ಒಣಗಿಸಿ, ಫಿಲ್ಟರ್ ಎಣ್ಣೆ ಹಚ್ಚಿ ಹಾಕಬೇಕು. ಇದನ್ನು ಮರೆತರೆ ದೂಳು ಸಿಲಿಂಡರನ್ನು ಉಜ್ಜುಕಾಗದದಂತೆ ಸವೆಸುತ್ತದೆ. ಚೈನು ತೊಳೆದು ಎಣ್ಣೆ ಕೊಡಬೇಕು. ಅದನ್ನು ಅತಿಯಾಗಿ ಬಿಗಿಯಬಾರದು, ಸಸ್ಪೆನ್ಷನ್ ಕುಗ್ಗಿದಾಗ ಚೈನು ಇನ್ನಷ್ಟು ಬಿಗಿಯಾಗುತ್ತದೆ. ಚಕ್ರದ ಕಡ್ಡಿಗಳನ್ನು ಪಾನದಿಂದ ಮೆಲ್ಲಗೆ ಬಡಿದು ಕೇಳಬೇಕು, ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ. ಹಳ್ಳ ದಾಟಿದ ಮೇಲೆ ಎಂಜಿನ್ ಆಯಿಲ್ ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ, ಬದಲಿಸದೆ ಓಡಿಸಬಾರದು. ತೊಳೆಯುವಾಗ ಜೋರು ನೀರನ್ನು ಬೇರಿಂಗುಗಳ ಕಡೆ ಬಿಡಬಾರದು. ಇನ್ನೊಂದು ಮಾತು: ಮೀಸಲು ಅರಣ್ಯದೊಳಕ್ಕೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧ. ಮಳೆಗಾಲದ ಹುಲ್ಲುಗುಡ್ಡದ ಮೇಲೆ ಟೈರು ಕೊರೆದ ಗೆರೆ ಕಾಲುವೆಯಾಗಿ ಮಣ್ಣು ಕೊಚ್ಚಿಹೋಗುತ್ತದೆ. ಅದನ್ನು ರಿಪೇರಿ ಮಾಡುವ ಪಾನ ಯಾರ ಬಳಿಯೂ ಇಲ್ಲ.

ಒಂದು ತಕರಾರು ಉಳಿಯುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಿಂದ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಮಾಯವಾಗಿ, ಪೆಟ್ರೋಲನ್ನು ಅಳೆದು ಚಿಮುಕಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದಿದೆ. ಅಂಗಳದ ಗೋಣಿಚೀಲದ ಮೇಲೆ ಅದರ ರಿಪೇರಿ ಆಗುವುದಿಲ್ಲ, ಕಂಪ್ಯೂಟರ್ ಜೋಡಿಸಿ ನೋಡಬೇಕು. ಹಳೆಯದೇ ಚೆಂದ ಎಂದು ಹಲುಬುವುದೂ ಸರಿಯಲ್ಲ. ಲಡಾಖಿನ ಎತ್ತರದಲ್ಲಿ ಗಾಳಿ ತೆಳುವಾದಾಗ ಕಾರ್ಬ್ಯುರೇಟರ್ ಪೆಟ್ರೋಲನ್ನು ಅತಿಯಾಗಿ ಕೊಟ್ಟು ಎಂಜಿನ್ ಕೆಮ್ಮುತ್ತದೆ, ಹೊಸ ವ್ಯವಸ್ಥೆ ತಾನೇ ಹೊಂದಿಸಿಕೊಳ್ಳುತ್ತದೆ. ಹೊಗೆಯೂ ಕಡಿಮೆ. ನಾವು ಕಳೆದುಕೊಳ್ಳುತ್ತಿರುವುದು ಕಾರ್ಬ್ಯುರೇಟರನ್ನಲ್ಲ, ಬಿಚ್ಚಿ ನೋಡುವ ಧೈರ್ಯವನ್ನು. ಅಂದು ಹಳ್ಳದ ದಡದಲ್ಲಿ ಮೇಷ್ಟ್ರು ನನ್ನ ಬೈಕಿನ ಎಲೆಕ್ಟ್ರಾನಿಕ್ಸ್ ಮುಟ್ಟಲೇ ಇಲ್ಲ. ಅವರು ಮುಟ್ಟಿದ್ದು ಪ್ಲಗ್ ಮತ್ತು ಫಿಲ್ಟರ್. ಅವೆರಡೂ ಯೆಜ್ಡಿಯಲ್ಲಿ ಇದ್ದಂತೆಯೇ ನನ್ನದರಲ್ಲೂ ಇದ್ದವು.

ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ ಬೈಕ್ ಸವಾರರಾದರು. 2019ರಲ್ಲಿ ಉಡುಪಿಯ ಕೆ. ಪಿ. ಅರವಿಂದ್ ಕೂಡ ಪೂರೈಸಿದರು. ಕೋಟಿಗಟ್ಟಲೆ ಖರ್ಚಾಗುವ ಆ ರ‍್ಯಾಲಿಯಲ್ಲೂ 'ಮ್ಯಾರಥಾನ್' ಹಂತ ಎಂದಿದೆ. ಆ ರಾತ್ರಿ ತಂಡದ ಮೆಕ್ಯಾನಿಕ್‌ಗಳಿಗೆ ಪ್ರವೇಶವಿಲ್ಲ. ಇಡೀ ದಿನ ಓಡಿಸಿ ದಣಿದ ಸವಾರನೇ ಕೂತು ತನ್ನ ಗಾಡಿಯನ್ನು ನೋಡಿಕೊಳ್ಳಬೇಕು. ಆರು ದಿನದ ಪಂದ್ಯದ ಹಳೆಯ ಕಟ್ಟಳೆ ಅಲ್ಲಿ ಇನ್ನೂ ಜೀವಂತ.

ಕಳೆದ ಜೂನಿನಲ್ಲಿ, ಮಳೆ ಹಿಡಿಯುವ ಮುಂಚೆ, ಮೇಷ್ಟ್ರ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಅವರ ಯೆಜ್ಡಿ, ಪಕ್ಕದಲ್ಲಿ ನನ್ನ ಬೈಕು. "ಮೇಷ್ಟ್ರೇ, ಫಿಲ್ಟರ್ ತೊಳೆದಿದ್ದೇನೆ, ಸರಿಯಿದೆಯಾ ನೋಡಿ" ಎಂದೆ. ತೆಗೆದು ಮೂಸಿ ನೋಡಿದರು, ಹಿಂಡಿ ನೋಡಿದರು. "ಎಣ್ಣೆ ಸ್ವಲ್ಪ ಜಾಸ್ತಿ ಆಯ್ತು" ಎಂದು ಹೇಳಿ, ಹಿಂಡಿದ ಫಿಲ್ಟರನ್ನೂ ಒಂದು ಗೋಣಿಚೀಲವನ್ನೂ ನನ್ನ ಕೈಗೆ ಕೊಟ್ಟರು.